ವಾಷಿಂಗ್ಟನ್‌ನಲ್ಲಿ ಹಿಮ ಬಿತ್ತು, ಸರ್ಕಾರಿ ಆಫೀಸಿಗೆ ಹೋಗ್ಬೇಕಾ ಬೇಡ್ವಾ?

ಮಡಿಕೇರಿ ಕಡೆ ಮಳೆ ಜೋರಾದ್ರೆ ಜಿಲ್ಲಾಧಿಕಾರಿ ಶಾಲೆಗಳಿಗೆ ರಜೆ ಕೊಡ್ತಾರೆ, ಮಕ್ಕಳು ಮತ್ತೆ ಹೊದ್ಕೊಂಡು ಮಲಗ್ತಾರೆ. ಅಮೆರಿಕದ ಫೆಡರಲ್ ಸರ್ಕಾರದಲ್ಲಿ ಕೆಲಸಕ್ಕೆ ಸೇರಿದ ನಮ್ಮವರು ಅಲ್ಲೂ ಹಂಗೇ ಅನ್ಕೊಂಡ್ರೆ ಲೀವ್ ಕಳ್ಕೊಳ್ತಾರೆ ಅಷ್ಟೇ.

ಮೊದಲು ಬೆಳಿಗ್ಗೆ ಎದ್ದ ತಕ್ಷಣ ಓಪಿಎಂ (ಫೆಡರಲ್ ನೌಕರರ ವ್ಯವಹಾರ ನೋಡ್ಕೊಳ್ಳೋ ಕಚೇರಿ) ವೆಬ್‌ಸೈಟ್ ಇಲ್ಲಾ ಆ್ಯಪ್ ನೋಡಿ, ಅವತ್ತು ಆಫೀಸು ಇದ್ಯಾ ಇಲ್ವಾ ಅನ್ನೋ ಸ್ಟೇಟಸ್ ಅಲ್ಲಿರುತ್ತೆ. ಟಿವಿಲಿ ಸ್ಕೂಲ್ ರಜೆ ಅಂದ್ರೂ ನಿಮ್ಗೆ ಲೆಕ್ಕಕ್ಕಿಲ್ಲ. ಡಿಸಿ ಸುತ್ತ ಇರೋ ಬೆಲ್ಟ್‌ವೇ ರಸ್ತೆಯ ಒಳಗಿನ ಆಫೀಸುಗಳಿಗೆ ಮಾತ್ರ ಈ ಸ್ಟೇಟಸ್, ಬಾಲ್ಟಿಮೋರ್‌ನಲ್ಲಿದ್ರೆ ನಿಮ್ಮ ಇಲಾಖೆಯವರನ್ನೇ ಕೇಳಿ.

'ಓಪನ್, ಅನ್‌ಶೆಡ್ಯೂಲ್ಡ್ ಲೀವ್' (ಆಫೀಸು ತೆರೆದಿದೆ, ಮೊದಲೇ ಹೇಳದೆ ರಜೆ ಹಾಕ್ಬಹುದು) ಅಂತಿದ್ರೆ ಮನೇಲಿ ಉಳೀಬಹುದು, ಆದ್ರೆ ಸೂಪರ್‌ವೈಸರ್‌ಗೆ ತಿಳಿಸ್ಬೇಕು, ರಜೆ ನಿಮ್ಮ ಖಾತೆಯಿಂದಾನೇ ಹೋಗುತ್ತೆ.

ಇನ್ನು ಬೇಗ ಮನೆಗೆ ಕಳಿಸೋದು, ಜಾಸ್ತಿ ಜನ ಎಡವೋದು ಇಲ್ಲೇ. 2 ಗಂಟೆ ಮುಂಚೆ ಹೊರಡಿ ಅಂದ್ರೆ ಎಲ್ಲರೂ ಒಟ್ಟಿಗೆ ಎದ್ದು ಹೋಗೋದಲ್ಲ, ನೀವು ದಿನಾ 5ಕ್ಕೆ ಹೊರಡೋರಾದ್ರೆ ಅವತ್ತು 3ಕ್ಕೆ, ಪಕ್ಕದವರು 4ಕ್ಕೆ ಹೊರಡೋರಾದ್ರೆ ಅವರು 2ಕ್ಕೆ. ನಿಮ್ಗೆ 3ರಿಂದ 5ರವರೆಗೆ ವೆದರ್ ಅಂಡ್ ಸೇಫ್ಟಿ ಲೀವ್, ಅಂದ್ರೆ ಹವಾಮಾನ ಕೆಟ್ಟಾಗ ಸರ್ಕಾರವೇ ಕೊಡೋ ರಜೆ, ನಿಮ್ಮ ಖಾತೆಯಿಂದ ಹೋಗಲ್ಲ, ಸಂಬಳ ಸಿಗುತ್ತೆ. ಹಿಮ ನೋಡಿ ಗಾಬರಿಯಾಗಿ ಎರಡೂವರೆಗೇ ಲೀವ್ ಹಾಕಿ ಹೊರಟ್ರೋ, ಅರ್ಧ ಗಂಟೆ ಅಲ್ಲ ಸ್ವಾಮಿ, 5ರವರೆಗೂ ನಿಮ್ಮದೇ ಲೀವ್ ಕಟ್. ಹಂಗಂತ ಹೊರಡೋ ಹೊತ್ತಾದ್ಮೇಲೂ ಆಫೀಸಲ್ಲಿ ಸುಮ್ನೆ ಕೂರೋದೂ ಅಪಾಯ, 2011ರ ಜನವರಿ 26ರಂದು 2 ಗಂಟೆ ಮುಂಚೆ ಬಿಟ್ರೂ ಎಷ್ಟೋ ಜನ ಗಂಟೆಗಟ್ಟಲೆ ರಸ್ತೇಲೇ ಸಿಕ್ಕಾಕೊಂಡ್ರು.

'ಕ್ಲೋಸ್ಡ್' ಅಂದ್ರೆ ನಿಜವಾದ ರಜೆ, 2010ರ ಫೆಬ್ರವರೀಲಿ ಸತತ 4 ದಿನ ಹಿಂಗಾಗಿತ್ತು. ಆದ್ರೆ ಟೆಲಿವರ್ಕ್‌ಗೆ ಸಹಿ ಹಾಕಿದ್ರೆ ಸಾಮಾನ್ಯವಾಗಿ ಮನೆಯಿಂದ ಕೆಲಸ ಮಾಡ್ಲೇಬೇಕು. ಹಿಮ ಬರುತ್ತೆ ಅಂತ ಮೊದಲೇ ಗೊತ್ತಿದ್ದೂ ಲ್ಯಾಪ್‌ಟಾಪ್ ಆಫೀಸಲ್ಲೇ ಬಿಟ್ಟು ಬಂದ್ರೆ ಆ ನೆಪ ನಡೆಯಲ್ಲ, ಕರೆಂಟೇ ಹೋಯ್ತು ಅಂದ್ರೆ ಕೇಳಿ ನೋಡಬಹುದು. ಮೊದಲೇ ಲೀವ್ ಹಾಕಿ ಊರಿಗೆ ಹೋದವರಿಗೂ ಆ ಲೀವ್ ವಾಪಸ್ ಬರಲ್ಲ.

ಎಮರ್ಜೆನ್ಸಿ ಎಂಪ್ಲಾಯಿ ಅಂತ ಗುರುತಿಸಿದ್ರೆ ಇದ್ಯಾವುದೂ ಅನ್ವಯಿಸಲ್ಲ, ಹೋಗ್ಲೇಬೇಕು, ನೀವು ಆ ಪಟ್ಟೀಲಿದ್ದೀರಾ ಅಂತ ಹಿಮ ಶುರುವಾಗೋ ಮುಂಚೆನೇ ಕೇಳಿಟ್ಕೊಳ್ಳಿ. ಬಜೆಟ್ ಪಾಸಾಗದೆ ಆಗೋ ಶಟ್‌ಡೌನ್‌ಗೆ ಮಾತ್ರ ನಿಯಮಗಳೇ ಬೇರೆ, ಅಲ್ಲಿ ಈ ವೆದರ್ ಲೀವ್ ಸಿಗಲ್ಲ.