ಒಕಿನಾವಾದವರ ಮಾತಲ್ಲಿ ‘ಬನ್ನಿ’, ‘ಕೊಡಿ’ ಅನ್ನುವುದು ಹೇಗೆ?

ಜಪಾನಿನ ದಕ್ಷಿಣಕ್ಕಿರುವ ಒಕಿನಾವಾ ದ್ವೀಪದಲ್ಲಿ ಇಳಿದವರನ್ನು ಮೊದಲು ಎದುರುಗೊಳ್ಳುವ ಪದ ‘ಮೆನ್ಸೋರೇ’. ‘ಬನ್ನಿ’ ಎಂದರ್ಥ. ಇದು ಜಪಾನಿ ಅಲ್ಲ, ಅಲ್ಲಿಯವರದೇ ಭಾಷೆ ಉಚಿನಾಗುಚಿ. ಜಪಾನಿಗೆ ನಂಟಿರುವ ಭಾಷೆಯಾದರೂ ಟೋಕಿಯೊದವರಿಗೆ ಕೇಳಿದರೆ ಅರ್ಥವಾಗುವುದಿಲ್ಲ. ಕನ್ನಡದವರಿಗೆ ಮಾತ್ರ ಇದರ ಜಾಡು ಬೇಗ ಸಿಗುತ್ತದೆ.

ಮೊದಲು ನಮಸ್ಕಾರ. ಗಂಡಸರು ‘ಹಾಯ್‌ಸಾಯ್’ ಅನ್ನಬೇಕು, ಹೆಂಗಸರು ‘ಹಾಯ್‌ತಾಯ್’. ಈ ಸಾಯ್, ತಾಯ್ ಗೌರವದ ಬಾಲಗಳು. ಬೇರೆ ಮಾತಿನ ಕೊನೆಗೂ ಸೇರುತ್ತವೆ.

ಯಾರದಾದರೂ ಮನೆಗೆ ಹೋದರೆ ಬಾಗಿಲಲ್ಲಿ ನಿಂತು ‘ಚಾಬಿರಸಾಯ್’ ಎಂದು ಕೂಗಿ (ಹೆಂಗಸರಾದರೆ ‘ಚಾಬಿರತಾಯ್’). ಪದಕ್ಕೆ ಪದ ಇಟ್ಟರೆ ಅದು ‘ಬರ್ತೀನಿ’. ನಾವು ಹೊರಡುವಾಗ ‘ಬರ್ತೀನಿ’ ಅಂತೀವಿ ಅಲ್ವಾ? ಅವರು ಒಳಗೆ ಬರುವಾಗ ಅನ್ನುತ್ತಾರೆ. ಒಳಗಿನಿಂದ ‘ಮೆನ್ಸೋರೇ’ ಕೇಳಿದ ಮೇಲೆ ಚಪ್ಪಲಿ ಬಿಟ್ಟು ಹತ್ತಿ.

ಇನ್ನು ಕೇಳುವ ಬಗೆ. ನನಗೆ ತುಂಬಾ ಇಷ್ಟವಾದ ಭಾಗ ಇದು. ‘ಕ್ವಿಮಿಸೋರೇ’ ಅಂದರೆ ‘ಕೊಡಿ’. ಇದರಲ್ಲಿ ‘ಕ್ವಿ’ ಕೊಡು, ‘ಮಿಸೋರೇ’ ಗೌರವ. ‘ದಯವಿಟ್ಟು’ ಅಂತ ಬೇರೆ ಪದ ಬೇಕಿಲ್ಲ. ನಮ್ಮ ಮನೆಗಳಲ್ಲೂ ‘ದಯವಿಟ್ಟು ನೀರು ಕೊಡಿ’ ಅಂತ ಯಾರು ಹೇಳುತ್ತಾರೆ? ‘ನೀರು ಕೊಡಿ’ ಅಂದರೆ ಮುಗಿಯಿತು, ಮರ್ಯಾದೆ ಆ ‘ಡಿ’ಯಲ್ಲೇ ಇದೆ. ನಾಹಾ ನಗರದ ಮಕಿಶಿ ಮಾರುಕಟ್ಟೆಯಲ್ಲಿ ಹಾಗಲಕಾಯಿ ಕೊಳ್ಳುವಾಗ ಕಾಯಿ ತೋರಿಸಿ ‘ಕುರಿ ಕ್ವಿಮಿಸೋರೇ’ ಅನ್ನಿ. ಕುರಿ ಅಂದರೆ ಅಲ್ಲಿ ‘ಇದು’. ಜಪಾನಿಯ ‘ಕೊರೆ’ ಇಲ್ಲಿ ಕುರಿ. ಒ ಇದ್ದಲ್ಲಿ ಉ, ಎ ಇದ್ದಲ್ಲಿ ಇ ಬರುವುದು ಈ ಭಾಷೆಯ ಗುಣ.

ಇದೇ ‘ಕ್ವಿಮಿಸೋರೇ’ಯನ್ನು ಇನ್ನೊಂದು ಕ್ರಿಯಾಪದ ಆದ ಮೇಲೆ ಇಡಬಹುದು. ‘ಕಚಿ’ ಅಂದರೆ ಬರೆದು. ‘ಕಚಿ ಕ್ವಿಮಿಸೋರೇ’ ಅಂದರೆ ಬರೆದು ಕೊಡಿ. ನಮ್ಮ ‘ಬರೆದುಕೊಡಿ’, ‘ಹೇಳಿಕೊಡಿ’ ಇರುವ ಹಾಗೇ! ಸಾವಿರಾರು ಮೈಲಿ ದೂರದ, ಯಾವ ಸಂಬಂಧವೂ ಇಲ್ಲದ ಎರಡು ಭಾಷೆ ಒಂದೇ ದಾರಿ ಹಿಡಿದಿವೆ. ಕೊನೆಯ ‘ರೇ’ಯನ್ನು ಎಳೆದೇ ಹೇಳಿ.

ಊಟ ಬಡಿಸಿದವರು ‘ಉಸಗಮಿಸೋರೇ’ ಅನ್ನುತ್ತಾರೆ, ಅಂದರೆ ಊಟ ಮಾಡಿ. ತಿನ್ನುವ ಮೊದಲು ನೀವು ‘ಕ್ವಚ್ಚೀ ಸಬಿರ’ ಅನ್ನಿ, ಮುಗಿದ ಮೇಲೆ ‘ಕ್ವಚ್ಚೀ ಸಬಿತನ್’. ಕ್ವಚ್ಚೀ ಎಂದರೆ ಔತಣ. ಥ್ಯಾಂಕ್ಸ್‌ಗೆ ‘ನಿಫೇ ದೇಬಿರು’.

ಒಂದು ಎಚ್ಚರ. ಎಲ್ಲ ದ್ವೀಪಕ್ಕೂ ಮೆನ್ಸೋರೇ ಸಲ್ಲದು. ಇಶಿಗಾಕಿಯಲ್ಲಿ ಸ್ವಾಗತಕ್ಕೆ ‘ಓರಿತೋರಿ’, ಮಿಯಾಕೊದಲ್ಲಿ ‘ನ್‌ಮ್ಯಾಚಿ’. ಅವು ಬೇರೆ ಭಾಷೆಗಳೇ.

ರ್‍ಯುಕ್ಯು ಎಂಬ ಈ ದ್ವೀಪಗಳ ರಾಜ್ಯವನ್ನು ಜಪಾನ್ 1879ರಲ್ಲಿ ಸೇರಿಸಿಕೊಂಡ ಮೇಲೆ ಶಾಲೆಗಳಲ್ಲಿ ಈ ಮಾತಾಡಿದ ಮಕ್ಕಳ ಕೊರಳಿಗೆ ಶಿಕ್ಷೆಯಾಗಿ ಮರದ ಹಲಗೆ ತೂಗುಹಾಕುತ್ತಿದ್ದರು. 2009ರಲ್ಲಿ ಯುನೆಸ್ಕೊ ಇದನ್ನು ಅಳಿವಿನಂಚಿನ ಭಾಷೆಗಳ ಪಟ್ಟಿಗೆ ಸೇರಿಸಿತು. ಈಗ ಸೆಪ್ಟೆಂಬರ್ 18 ಅಲ್ಲಿ ‘ಶಿಮಾಕುತುಬಾ’ ಅಂದರೆ ದ್ವೀಪದ ನುಡಿಯ ದಿನ. ಕು, ತು, ಬಾ ಎಂದರೆ 9, 10, 8, ಅಂದರೆ ಒಂಬತ್ತನೇ ತಿಂಗಳ 18.

ಹಾಗಾಗಿ ಅಲ್ಲಿ ಯಾರಾದರೂ ಅಜ್ಜಿ ಸಿಕ್ಕರೆ ಈ ಒಂದು ವಾಕ್ಯ ಕೇಳಿ ನೋಡಿ: ‘ಉಚಿನಾಗುಚಿ ನರಾಚಿ ಕ್ವಿಮಿಸೋರೇ.’ ಉಚಿನಾಗುಚಿ ಕಲಿಸಿಕೊಡಿ. ಆಮೇಲೆ ಅವರು ಹೇಳಿದ್ದನ್ನು ಸುಮ್ನೆ ತಲೆಯಾಡಿಸಿ ಬಿಡದೆ, ಅವರೆದುರೇ ಗಟ್ಟಿಯಾಗಿ ತಿರುಗಿ ಹೇಳಿ.