ಫಜ್ ಪೆಡಲ್‌ನಲ್ಲಿ ಟ್ರಾನ್ಸಿಸ್ಟರ್ ಬದಲಿಸುವುದು ಹೇಗೆ?

ಗಿಟಾರ್ ಸದ್ದನ್ನು ಒರಟಾಗಿಸುವ, ಕಾಲಲ್ಲಿ ಒತ್ತುವ ಪೆಟ್ಟಿಗೆಯೇ ಫಜ್ ಪೆಡಲ್. ಅದರ ಸರ್ಕ್ಯೂಟ್ ಚಿತ್ರದಲ್ಲಿ ಟ್ರಾನ್ಸಿಸ್ಟರ್ ನಂಬರ್ 2ಎನ್3904 ಅಂತಿರುತ್ತದೆ. ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಕೇಳಿದರೆ ಬಿಸಿ547 ಕೈಗಿಡುತ್ತಾರೆ. ಹುಡುಗರು ಅದನ್ನೇ ತಂದು, ಚಿತ್ರದಲ್ಲಿದ್ದಂತೆ ಕೂರಿಸಿ, ಬೆಸುಗೆ ಹಾಕಿಬಿಡುತ್ತಾರೆ. ಗಿಟಾರ್ ಚುಚ್ಚಿದರೆ ಸದ್ದೇ ಸರಿಯಾಗಿ ಬರಲ್ಲ. ಆಮೇಲೆ ಅಂಗಡಿಯವನಿಗೆ ಬೈಗುಳ!

ಮೊದಲು ಟ್ರಾನ್ಸಿಸ್ಟರ್ ಜಾತಿ ನೋಡಿ. ಎನ್‌ಪಿಎನ್ ಜಾಗಕ್ಕೆ ಎನ್‌ಪಿಎನ್, ಪಿಎನ್‌ಪಿ ಜಾಗಕ್ಕೆ ಪಿಎನ್‌ಪಿ. ಜೆ201 ತರಹದ ಜೆಫೆಟ್ (ಬೇರೆಯೇ ರೀತಿಯ ಟ್ರಾನ್ಸಿಸ್ಟರ್) ಇದ್ದಲ್ಲಿ ಬಿಸಿ547 ನಡೆಯಲ್ಲ.

ಎಡವುವುದು ಕಾಲಿನಲ್ಲಿ. ಕಲೆಕ್ಟರ್, ಬೇಸ್, ಎಮಿಟರ್ ಅಂತ ಮೂರು ಕಾಲು. ಚಪ್ಪಟೆ ಮುಖ ನಿಮ್ಮ ಕಡೆ ಇರಲಿ, ಕಾಲು ಕೆಳಗಿರಲಿ. ಬಿಸಿ547ರಲ್ಲಿ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. 2ಎನ್3904ರಲ್ಲಿ ಎಮಿಟರ್, ಬೇಸ್, ಕಲೆಕ್ಟರ್. ಹಾಗಾಗಿ ಒಂದರ ಜಾಗಕ್ಕೆ ಇನ್ನೊಂದನ್ನು ಹಿಂದುಮುಂದು ತಿರುಗಿಸಿ ಹಾಕಿದರೆ ಆಯಿತು. 2ಎಸ್‌ಸಿ1815ರದ್ದು ಬೇರೆ ಕಥೆ, ಅಲ್ಲಿ ಬೇಸ್ ಬಲತುದಿಯಲ್ಲಿದೆ. ಒಂದು ಕಾಲನ್ನು ಇನ್ನೊಂದರ ಮೇಲೆ ದಾಟಿಸಬೇಕು, ತಾಗದಂತೆ ಮಧ್ಯೆ ಸ್ಲೀವ್ (ಪ್ಲಾಸ್ಟಿಕ್ ಕೊಳವೆ) ಹಾಕಬೇಕು. ಅನುಮಾನ ಇದ್ದರೆ ಮಲ್ಟಿಮೀಟರನ್ನು ಡಯೋಡ್‌ಗೆ ತಿರುಗಿಸಿ. ಕೆಂಪು ಪ್ರೋಬ್ ಒಂದು ಕಾಲಿಗೆ ಹಿಡಿದಾಗ ಉಳಿದೆರಡೂ ಕಾಲಲ್ಲಿ 0.6–0.7 ವೋಲ್ಟ್ ತೋರಿಸಿದರೆ ಅದು ಎನ್‌ಪಿಎನ್, ಕೆಂಪು ಇರುವುದೇ ಬೇಸ್. ಎರಡರಲ್ಲಿ ಚೂರು ಜಾಸ್ತಿ ತೋರಿಸಿದ್ದು ಎಮಿಟರ್.

ಕೊನೆಯ ಅಕ್ಷರವನ್ನೂ ಓದಿ. ಬಿಸಿ547ಎ ಗೇನ್ (ಕರೆಂಟನ್ನು ಎಷ್ಟು ಪಟ್ಟು ಹಿಗ್ಗಿಸುತ್ತದೆ ಅನ್ನುವುದು) 110ರಿಂದ 220, ಸಿ ಗೇನ್ 420ರಿಂದ 800. ಫಜ್‌ಗೆ ಸುಮ್ನೆ ಸಿ ಹಾಕಿದರೆ ಕಿರುಚುತ್ತದೆ, ಒಮ್ಮೊಮ್ಮೆ ಆಕಾಶವಾಣಿಯೂ ಕೇಳಿಸುತ್ತದೆ! ಎ ಹಾಕಿ. ಸಿ ಬಿಟ್ಟರೆ ಬೇರೆ ಗತಿಯಿಲ್ಲ ಅಂದರೆ ಬೇಸ್ ಮತ್ತು ಕಲೆಕ್ಟರ್ ಮಧ್ಯೆ 100 ಪಿಕೋಫ್ಯಾರಡ್ ಕೆಪಾಸಿಟರ್ ಕೂರಿಸಿ.

ಫಜ್ ಫೇಸ್ ಅನ್ನುವ ಹೆಸರಾಂತ ಪೆಡಲ್ ಮಾದರಿಯಲ್ಲಿ ಟ್ರಾನ್ಸಿಸ್ಟರ್ ಬದಲಾದರೆ ಬಯಾಸ್ (ಗಿಟಾರ್ ನುಡಿಸದಿದ್ದಾಗ ಟ್ರಾನ್ಸಿಸ್ಟರ್ ಕಾಲಲ್ಲಿ ನಿಲ್ಲುವ ವೋಲ್ಟೇಜ್) ಕೂಡ ಬದಲಾಗುತ್ತದೆ. ಎರಡನೆಯ ಟ್ರಾನ್ಸಿಸ್ಟರ್ ಕಲೆಕ್ಟರ್ ಕಡೆಯ 8.2 ಕಿಲೋ ಓಮ್ ರೆಸಿಸ್ಟರ್ ತೆಗೆದು 20 ಕಿಲೋ ಓಮ್ ಪ್ರಿಸೆಟ್ (ತಿರುಗಿಸಿ ಹೊಂದಿಸುವ ರೆಸಿಸ್ಟರ್) ಹಾಕಿ. 9 ವೋಲ್ಟ್ ಬ್ಯಾಟರಿ ಕೊಟ್ಟು, ಆ ಕಲೆಕ್ಟರ್‌ನಲ್ಲಿ 4.5 ವೋಲ್ಟ್ ಬರುವವರೆಗೆ ನಿಧಾನಕ್ಕೆ ತಿರುಗಿಸಿ. ಆಮೇಲೆ ನುಡಿಸಿ ನೋಡಿ, ಕಿವಿಗೆ ಹಿತವೆನಿಸಿದ ಕಡೆ ನಿಲ್ಲಿಸಿ. ಇಷ್ಟೆಲ್ಲ ಆಗುವ ತನಕ ಟ್ರಾನ್ಸಿಸ್ಟರ್ ಸಾಕೆಟ್‌ನಲ್ಲೇ ಇರಲಿ.

ಜರ್ಮೇನಿಯಂನಿಂದ ಮಾಡಿದ ಹಳೆಯ ಟ್ರಾನ್ಸಿಸ್ಟರ್ ಎಸಿ128 ಮೋಹ ಬಹಳ ಮಂದಿಗಿದೆ. ನಮ್ಮ ಊರಿಗೆ ಅದು ಬೇಡ ಅಂತಲೇ ಹೇಳುತ್ತೇನೆ. ಬಿಸಿ ಏರಿದಂತೆ ಅದರಲ್ಲಿ ಸೋರುವ ಕರೆಂಟ್ ಏರುತ್ತದೆ, ಜನವರಿಯಲ್ಲಿ ಹೊಂದಿಸಿದ ಬಯಾಸ್ ಕಲಬುರಗಿಯ ಮೇ ಬಿಸಿಲಿಗೆ ನಿಲ್ಲಲ್ಲ. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವವಂತೂ ಎಷ್ಟೋ ಸಲ ಮೊದಲೇ ಸೋರುತ್ತಿರುತ್ತವೆ. ಇನ್ನೊಂದು ಮಾತು: ಎಸಿ128 ಪಿಎನ್‌ಪಿ. ಅದರ ಬದಲು ಬಿಸಿ547 ಹಾಕುವುದಾದರೆ ಬ್ಯಾಟರಿಯನ್ನೂ ಪ್ಲಸ್-ಮೈನಸ್ ಗುರುತಿರುವ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳನ್ನೂ ಉಲ್ಟಾ ಮಾಡಬೇಕು. ಆ ತಾಪತ್ರಯ ಬೇಡವೆಂದರೆ ಪಿಎನ್‌ಪಿ ಆಗಿರುವ ಬಿಸಿ557 ತನ್ನಿ.