ಗೇರ್‌ಬಾಕ್ಸ್ ಕೆಟ್ಟ ಕಾರನ್ನು ರಿಪೇರಿ ಮಾಡಿಸಬೇಕೇ, ಬಿಟ್ಟುಬಿಡಬೇಕೇ?

ಗ್ಯಾರೇಜಿನವರು ‘ಗೇರ್‌ಬಾಕ್ಸ್ ಹೋಗಿದೆ’ ಎಂದು ಹೇಳಿದಾಗ, ಆ ಒಂದು ಮಾತಿನಲ್ಲಿ ಕೆಲವು ಸಾವಿರ ರೂಪಾಯಿಯ ಕೆಲಸವೂ ಅಡಗಿರಬಹುದು, ಲಕ್ಷ ದಾಟುವ ಕೆಲಸವೂ ಅಡಗಿರಬಹುದು. ಆದ್ದರಿಂದ ಕಾರನ್ನು ಉಳಿಸಿಕೊಳ್ಳಬೇಕೇ ಎಂಬ ಪ್ರಶ್ನೆಗೆ ಮೊದಲು, ಕೆಟ್ಟಿರುವುದು ನಿಜಕ್ಕೂ ಏನು ಎಂಬುದು ತಿಳಿಯಬೇಕು. ಕಾರಿನ ಮೇಲೆ ಬೇಸರ ಬಂದಿರುವ ಹೊತ್ತಿನಲ್ಲಿ ಈ ಕ್ರಮವನ್ನು ತಲೆಕೆಳಗು ಮಾಡಿ, ಕ್ಲಚ್ ಸವೆದ ಕಾರನ್ನು ಗುಜರಿಯ ಬೆಲೆಗೆ ಕೊಟ್ಟುಬಿಡುವವರು ಕಡಿಮೆಯೇನಿಲ್ಲ.

ಮ್ಯಾನುಯಲ್ ಕಾರಾದರೆ ಕೆಲವು ಪರೀಕ್ಷೆಗಳನ್ನು ನೀವೇ ಮಾಡಬಹುದು. ಎಂಜಿನ್ ಆಫ್ ಇದ್ದಾಗ ಎಲ್ಲ ಗೇರುಗಳೂ ಸಲೀಸಾಗಿ ಬಿದ್ದು, ಎಂಜಿನ್ ಚಾಲೂ ಇದ್ದಾಗ ಮಾತ್ರ ಬೀಳದೆ ಹಟ ಮಾಡಿದರೆ, ಕ್ಲಚ್ ಎಂಜಿನ್ನನ್ನು ಗೇರ್‌ಬಾಕ್ಸಿನಿಂದ ಪೂರ್ತಿಯಾಗಿ ಬೇರ್ಪಡಿಸುತ್ತಿಲ್ಲ ಎಂದು ಅನುಮಾನಿಸಬೇಕು. ಕೇಬಲ್ ಅಥವಾ ಕ್ಲಚ್‌ನ ಹೈಡ್ರಾಲಿಕ್ ಸಿಲಿಂಡರ್ ಸರಿಪಡಿಸಿದರೆ ಕೆಲಸ ಮುಗಿಯುವ ಸಾಧ್ಯತೆ ಹೆಚ್ಚು. ನಾಲ್ಕನೆಯ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ನಿನ ವೇಗ ಏರಿದರೂ ಕಾರಿನ ವೇಗ ಏರದಿದ್ದರೆ ಕ್ಲಚ್ ಪ್ಲೇಟ್ ಜಾರುತ್ತಿದೆ ಎಂದರ್ಥ. ನ್ಯೂಟ್ರಲ್‌ನಲ್ಲಿ ಕೇಳಿಬರುವ ಗೊರಗೊರ ಸದ್ದು ಕ್ಲಚ್ ತುಳಿದೊಡನೆ ನಿಂತರೆ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ (ಎಂಜಿನ್ನಿನ ಬಲವನ್ನು ಒಳಗೆ ತರುವ ದಂಡ) ಬೇರಿಂಗ್ ಮೇಲೆ, ಕ್ಲಚ್ ತುಳಿದಾಗ ಮಾತ್ರ ಸದ್ದು ಬಂದರೆ ಕ್ಲಚ್ಚನ್ನು ಒತ್ತಿ ಬಿಡಿಸುವ ರಿಲೀಸ್ ಬೇರಿಂಗ್ ಮೇಲೆ ಸಂಶಯ ಹೋಗಬೇಕು. ಒಂದೇ ಒಂದು ಗೇರಿಗೆ ಹಾಕುವಾಗ ಮಾತ್ರ ಕರಕರ ಎಂದರೆ ಸಾಮಾನ್ಯವಾಗಿ ಆ ಗೇರಿನ ಸಿಂಕ್ರೊನೈಸರ್ (ಗೇರ್ ಸಲೀಸಾಗಿ ಬೀಳಲು ವೇಗಗಳನ್ನು ಹೊಂದಿಸುವ ಉಂಗುರ) ಸವೆದಿರುತ್ತದೆ. ಗೇರ್ ಬಿದ್ದು, ಕ್ಲಚ್ ಬಿಟ್ಟರೂ ಕಾರು ಕದಲದಿದ್ದರೆ ಚಕ್ರಕ್ಕೆ ಬಲ ಒಯ್ಯುವ ಡ್ರೈವ್ ಶಾಫ್ಟ್ ತುಂಡಾಗಿದೆಯೇ ಎಂದು ನೋಡಿಸದೆ ಗೇರ್‌ಬಾಕ್ಸ್ ಬಿಚ್ಚಲು ಒಪ್ಪಬೇಡಿ. ವೇಗದೊಡನೆ ಏರುವ ಹೂಂಕಾರವನ್ನು ಗೇರ್‌ಬಾಕ್ಸಿನದೆಂದು ತಿಳಿದು, ಕೊನೆಗೆ ಚಕ್ರದ ಬೇರಿಂಗ್ ಬದಲಿಸಿದ ಮೇಲೆ ನಿಂತುಹೋದ ಪ್ರಸಂಗಗಳೂ ಉಂಟು.

ಆಟೊಮ್ಯಾಟಿಕ್ ಕಾರುಗಳೆಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಎಎಂಟಿ (ಆಟೊಮೇಟೆಡ್ ಮ್ಯಾನುಯಲ್ ಟ್ರಾನ್ಸ್‌ಮಿಷನ್) ಎಂದರೆ ಒಳಗೆ ಮ್ಯಾನುಯಲ್ ಗೇರ್‌ಬಾಕ್ಸೇ. ಕ್ಲಚ್ ತುಳಿಯುವ ಮತ್ತು ಗೇರ್ ಹಾಕುವ ಕೆಲಸವನ್ನು ಆಕ್ಚುಯೇಟರ್ ಎಂಬ ಯಾಂತ್ರಿಕ ಕೈ ಮಾಡುತ್ತದೆ, ಹಾಗಾಗಿ ದೋಷ ಅಲ್ಲಿದ್ದರೆ ಇಡೀ ಪೆಟ್ಟಿಗೆಯನ್ನು ಬದಲಿಸುವ ಅಗತ್ಯವಿಲ್ಲ. ಬ್ಯಾಟರಿ ಕ್ಷೀಣಿಸಿದ್ದರೂ ಎಎಂಟಿ ವಿಚಿತ್ರವಾಗಿ ವರ್ತಿಸಬಹುದು. ಎರಡು ಕ್ಲಚ್‌ಗಳಿರುವ ಡ್ಯುಯಲ್ ಕ್ಲಚ್ ಮಾದರಿಯಲ್ಲಿ ಕ್ಲಚ್ ಜೋಡಿ ಮತ್ತು ಅವನ್ನು ನಿಯಂತ್ರಿಸುವ ಮೆಕಾಟ್ರಾನಿಕ್ಸ್ ಘಟಕ ದುಬಾರಿಯಾದರೂ ಅವನ್ನು ಪ್ರತ್ಯೇಕವಾಗಿ ಬದಲಿಸಲು ಬರುತ್ತದೆ. ಹಲ್ಲಿನ ಗೇರುಗಳ ಬದಲು ಬೆಲ್ಟಿನಿಂದ ನಡೆಯುವ ಸಿವಿಟಿಯಲ್ಲಿ ಉಕ್ಕಿನ ಬೆಲ್ಟ್ ಮತ್ತು ಪುಲಿಗಳು ಗೀರುಬಿದ್ದರೆ ಬಿಡಿಭಾಗ ಹಾಕಿ ಸರಿಪಡಿಸಬಲ್ಲ ಕೈಗಳು ವಿರಳ, ಹೀಗಾಗಿ ಪೂರ್ತಿ ಅಸೆಂಬ್ಲಿಯ ಎಸ್ಟಿಮೇಟ್ ಬರುವುದೇ ಹೆಚ್ಚು. ಆಯಿಲ್ ಮೂಲಕ ಎಂಜಿನ್ನಿನ ಬಲ ದಾಟಿಸುವ ಟಾರ್ಕ್ ಕನ್ವರ್ಟರ್ ಇರುವ ಆಟೊಮ್ಯಾಟಿಕ್‌ನಲ್ಲಿ, ಆಯಿಲಿನ ಹರಿವನ್ನು ನಿಯಂತ್ರಿಸುವ ಸೊಲೆನಾಯ್ಡ್ ಅಥವಾ ವಾಲ್ವ್ ಬಾಡಿಯಲ್ಲಿ ಮಾತ್ರ ತೊಂದರೆಯಿದ್ದರೆ ಸಮಾಧಾನಪಡಬಹುದು. ಆಯಿಲ್ ಕಪ್ಪಾಗಿ ಸುಟ್ಟ ವಾಸನೆ ಬರುತ್ತಿದ್ದರೆ ಒಳಗಿನ ಕ್ಲಚ್‌ಗಳು ಸುಟ್ಟಿರುವ ಸಂಭವವಿದೆ. ಈ ಯಾವ ಮಾದರಿಯೇ ಇರಲಿ, ಸ್ಕ್ಯಾನರ್ ಹಾಕಿ ಬಂದ ಕೋಡ್‌ಗಳನ್ನು ಬರೆಸಿಕೊಳ್ಳಿ. ಪಿ0700 ಎಂಬ ಕೋಡ್ ‘ಟ್ರಾನ್ಸ್‌ಮಿಷನ್ ನಿಯಂತ್ರಣದಲ್ಲಿ ಏನೋ ದೋಷವಿದೆ’ ಎಂಬ ಸಾಮಾನ್ಯ ಸೂಚನೆ ಮಾತ್ರ. ಅದೊಂದನ್ನೇ ತೋರಿಸಿ ಹೊಸ ಗೇರ್‌ಬಾಕ್ಸ್ ಬೇಕೆನ್ನುವವರ ಮಾತನ್ನು ಒಪ್ಪಲಾಗದು.

ಇಷ್ಟೆಲ್ಲ ತಿಳಿಯುವವರೆಗೆ ಕಾರನ್ನು ಓಡಿಸುತ್ತ ಹೋಗುವುದು ಸಣ್ಣ ಖರ್ಚನ್ನು ದೊಡ್ಡದಾಗಿಸುವ ಸುಲಭ ಮಾರ್ಗ. ಆಟೊಮ್ಯಾಟಿಕ್ ಕಾರನ್ನು ಹಗ್ಗ ಕಟ್ಟಿ ಎಳೆಸದೆ ಫ್ಲಾಟ್‌ಬೆಡ್ ಲಾರಿಯ ಮೇಲೆಯೇ ಸಾಗಿಸಬೇಕು.

ನಂತರ ಎರಡು ಕಾಗದಗಳನ್ನು ಹುಡುಕಿ: ವಾರಂಟಿ ಮತ್ತು ವಿಮೆ. ಎಕ್ಸ್‌ಟೆಂಡೆಡ್ ವಾರಂಟಿ ಮಾಡಿಸಿದ್ದು ಮರೆತೇ ಹೋಗಿರುತ್ತದೆ. ಸಾಮಾನ್ಯ ವಾಹನ ವಿಮೆ ಸವೆತಕ್ಕಾಗಲಿ ಯಾಂತ್ರಿಕ ವೈಫಲ್ಯಕ್ಕಾಗಲಿ ಹಣ ಕೊಡುವುದಿಲ್ಲ. ಆದರೆ ಕಲ್ಲು ಬಡಿದು ಗೇರ್‌ಬಾಕ್ಸಿನ ಹೌಸಿಂಗ್ ಒಡೆದಿದ್ದರೆ ಅದು ಅಪಘಾತದ ಹಾನಿ. ಆಯಿಲ್ ಸೋರುವುದನ್ನು ಕಂಡೂ ಮುಂದೆ ಓಡಿಸಿದ್ದರಿಂದಾದ ಒಳಗಿನ ಹಾನಿಗೆ ಮಾತ್ರ ಕ್ಲೇಮ್ ನಿರಾಕರಣೆಯಾಗಬಹುದು. ಮಳೆನೀರು ನುಗ್ಗಿದ ಕಾರಿಗೆ ಎಂಜಿನ್ ಮತ್ತು ಗೇರ್‌ಬಾಕ್ಸ್ ರಕ್ಷಣೆಯ ಆಡ್-ಆನ್ (ವಿಮೆಯ ಜೊತೆ ಹೆಚ್ಚುವರಿಯಾಗಿ ಕೊಳ್ಳುವ ರಕ್ಷಣೆ) ಇದೆಯೇ ನೋಡಿ.

ಎಸ್ಟಿಮೇಟನ್ನು ಲಿಖಿತವಾಗಿ, ಬಿಡಿಭಾಗ ಮತ್ತು ಲೇಬರ್ ಬೇರೆಬೇರೆಯಾಗಿ ನಮೂದಿಸಿ ಕೊಡುವಂತೆ ಕೇಳಿ. ಗೇರ್‌ಬಾಕ್ಸ್ ಇಳಿಸಿ ಬಿಚ್ಚಿ ನೋಡದೆ ನಿಖರ ಮೊತ್ತ ಹೇಳಲಾಗದು ಎಂದು ಅವರು ಹೇಳಿದರೆ ಅದು ನ್ಯಾಯವೇ. ಬಿಚ್ಚುವ ಖರ್ಚೆಷ್ಟು, ಅದಾದ ಮೇಲೆ ಬೇಡವೆಂದರೆ ಮತ್ತೆ ಜೋಡಿಸಿಕೊಡಲು ಎಷ್ಟು ಎಂಬುದನ್ನು ಜಾಬ್ ಕಾರ್ಡಿನಲ್ಲಿ ಮೊದಲೇ ಬರೆಸಿ. ಕಂಪನಿಯ ಸರ್ವಿಸ್ ಸೆಂಟರ್‌ಗಳು ಬಹುಮಟ್ಟಿಗೆ ಅಸೆಂಬ್ಲಿ ಬದಲಿಸುವತ್ತ ವಾಲುತ್ತವೆ, ಗೇರ್‌ಬಾಕ್ಸ್ ಕೆಲಸವನ್ನೇ ಮಾಡುವ ಹೊರಗಿನ ಮೆಕ್ಯಾನಿಕ್ ಬೇರಿಂಗ್, ಸಿಂಕ್ರೊನೈಸರ್ ಎಂದು ಬಿಡಿಬಿಡಿಯಾಗಿ ಲೆಕ್ಕ ಕೊಡುತ್ತಾನೆ. ಇಬ್ಬರ ಅಭಿಪ್ರಾಯವೂ ಬೇಕು.

ಇನ್ನು ತೀರ್ಮಾನದ ಲೆಕ್ಕ. ರಿಪೇರಿ ಖರ್ಚು ಕಾರಿನ ಬೆಲೆಯ ಅರ್ಧ ದಾಟಿದರೆ ಮಾರಿಬಿಡಿ ಎಂಬ ಮಾತನ್ನು ಎಲ್ಲರೂ ಹೇಳುತ್ತಾರೆ. ಕೆಟ್ಟು ನಿಂತ ಕಾರಿಗೆ ಸಿಗುವ ಬೆಲೆಯನ್ನು ಆ ಸೂತ್ರ ಗಣನೆಗೇ ತೆಗೆದುಕೊಳ್ಳುವುದಿಲ್ಲವಾದ್ದರಿಂದ ನನಗೆ ಅದು ಒಪ್ಪಿಗೆಯಿಲ್ಲ. ಉದಾಹರಣೆಗೆ, ಓಡುವ ಸ್ಥಿತಿಯಲ್ಲಿ 3,20,000 ರೂಪಾಯಿ ಬಾಳುವ ಕಾರಿಗೆ, ಕೆಟ್ಟ ಸ್ಥಿತಿಯಲ್ಲಿ 1,80,000 ಮಾತ್ರ ಸಿಗುತ್ತದೆ ಎಂದುಕೊಳ್ಳೋಣ. ಗೇರ್‌ಬಾಕ್ಸಿಗೆ 75,000, ಬಾಕಿಯಿರುವ ಇತರ ಕೆಲಸಗಳಿಗೆ 25,000 ಖರ್ಚಾದರೂ, ಮಾರುವ ಉದ್ದೇಶವೇ ಇದ್ದರೂ ಕೂಡ, ರಿಪೇರಿ ಮಾಡಿಸಿ ಮಾರಿದರೆ 40,000 ಉಳಿಯುತ್ತದೆ. ಅದೇ ಹಳೆಯ ಕಾರೊಂದು ಓಡುವಾಗ 1,10,000, ಕೆಟ್ಟಾಗ 60,000 ಬಾಳುವಂತಿದ್ದು, ಗೇರ್‌ಬಾಕ್ಸಿಗೆ 65,000, ಸಸ್ಪೆನ್ಷನ್ ಮತ್ತು ಎಸಿಗೆ 40,000 ಬೇಕೆಂದಾದರೆ, ರಿಪೇರಿಯಿಂದ 55,000 ನಷ್ಟ. ಆದರೂ ಆ ಕಾರನ್ನು ಇನ್ನೂ ನಾಲ್ಕು ವರ್ಷ ಓಡಿಸುವವರಿಗೆ ಆ ನಷ್ಟ ವರ್ಷಕ್ಕೆ ಹದಿನಾಲ್ಕು ಸಾವಿರದೊಳಗೇ ಬರುತ್ತದೆ.

ಇದರ ಎದುರಿಗೆ ಹೊಸ ಕಾರಿನ ಲೆಕ್ಕವನ್ನೂ ಇಟ್ಟು ನೋಡಬೇಕು. ಕರ್ನಾಟಕದಲ್ಲಿ 5ರಿಂದ 10 ಲಕ್ಷದೊಳಗಿನ ಕಾರಿಗೆ ಆಜೀವ ತೆರಿಗೆ ಶೇ. 14, ಏಳು ಲಕ್ಷದ ಕಾರಿಗೆ ಅದೊಂದೇ 98,000 ರೂಪಾಯಿ, ಅದರ ಮೇಲೆ ಸೆಸ್ ಬೇರೆ. ವಿಮೆಯವರ ಸವಕಳಿ ಪಟ್ಟಿಯ ಪ್ರಕಾರ ಒಂದು ವರ್ಷ ದಾಟಿದ ಕಾರಿನ ಮೌಲ್ಯವನ್ನು ಶೇ. 20 ಇಳಿಸಲಾಗುತ್ತದೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ. 18ಕ್ಕೆ ಇಳಿದದ್ದು ನಿಜವೇ, ಆದರೆ ಹಳೆಯ ಕಾರುಗಳ ಮಾರುಕಟ್ಟೆ ಬೆಲೆಯ ಮೇಲೂ ಅದರ ಪರಿಣಾಮ ಆಗಿಯೇ ಇರುವುದರಿಂದ, ಎರಡು ವರ್ಷದ ಹಿಂದೆ ಯಾರೋ ಹೇಳಿದ ಬೆಲೆಯನ್ನು ಹಿಡಿದು ಲೆಕ್ಕ ಹಾಕಬೇಡಿ.

ಗೇರ್‌ಬಾಕ್ಸಿನ ಸ್ಥಿತಿಗಿಂತ ಉಳಿದ ಕಾರಿನ ಸ್ಥಿತಿಯೇ ಈ ತೀರ್ಮಾನವನ್ನು ಮಾಡಬೇಕು ಎಂಬುದು ನನ್ನ ಅಭಿಪ್ರಾಯ. ಎಂಜಿನ್ ಸವೆದಿದೆಯೇ ಎಂದು ತಿಳಿಯಲು ಅದರ ಕಂಪ್ರೆಷನ್ ಪರೀಕ್ಷೆ ಮಾಡಿಸಿ. ಕಾರನ್ನು ಲಿಫ್ಟಿಗೆ ಏರಿಸಿ ತಳಭಾಗಕ್ಕೆ ತುಕ್ಕು ಹಿಡಿದಿದೆಯೇ ನೋಡಿ, ಮಂಗಳೂರು, ಕಾರವಾರದ ಕಡೆ ಓಡಿದ ಕಾರಾದರೆ ಇದನ್ನು ಬಿಡಲೇಬಾರದು. ನೋಂದಣಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ತಪಾಸಣೆಗೆ ಒಳಪಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು, ಶುಲ್ಕವೂ 2022ರಲ್ಲಿ 5,000 ರೂಪಾಯಿಗೆ ಏರಿತು. ಹದಿನಾಲ್ಕು ವರ್ಷ ತುಂಬಿದ, ತಳ ತುಕ್ಕು ತಿಂದ ಕಾರಿಗೆ ಹೊಸ ಗೇರ್‌ಬಾಕ್ಸ್ ಹಾಕಿಸುವುದು ಬೇಡ. ಎಂಟು ವರ್ಷದ, ಒಬ್ಬರೇ ಓಡಿಸಿದ, ಎಂಜಿನ್ ಗಟ್ಟಿಯಾಗಿರುವ ಕಾರನ್ನು ಕೈಬಿಡುವುದೂ ಬೇಡ.

ರಿಪೇರಿಯೇ ಎಂದು ನಿಶ್ಚಯಿಸಿದವರಿಗೆ, ಅಸೆಂಬ್ಲಿ ಬದಲಿಸುವುದು ಮತ್ತು ಬಿಡಿಭಾಗ ಹಾಕಿಸುವುದು ಬಿಟ್ಟರೆ, ಬೆಂಗಳೂರಿನ ಶಿವಾಜಿನಗರದ ಗುಜರಿಯಂಥ ಕಡೆ ಸಿಗುವ ಹಳೆಯ ಗೇರ್‌ಬಾಕ್ಸ್ ಮೂರನೆಯ ದಾರಿ. ಆರ್‌ಸಿಯಲ್ಲಿ (ನೋಂದಣಿ ಪತ್ರದಲ್ಲಿ) ಚಾಸಿಸ್ ಮತ್ತು ಎಂಜಿನ್ ಸಂಖ್ಯೆಗಳು ಇರುತ್ತವೆಯೇ ಹೊರತು ಗೇರ್‌ಬಾಕ್ಸಿನದಲ್ಲ, ಆದರೂ ಬಿಲ್ಲಿಲ್ಲದ ಮಾಲನ್ನು ಮುಟ್ಟಬಾರದು, ಏಕೆಂದರೆ ಅದು ಕದ್ದ ಕಾರಿನದಾಗಿರಬಹುದು. ಹೆಸರು ಒಂದೇ ಇದ್ದರೂ ಪೆಟ್ರೋಲ್, ಡೀಸೆಲ್ ಮಾದರಿಗಳ ಗೇರ್‌ಬಾಕ್ಸ್ ಬೇರೆಯಿರುತ್ತದೆ. ಅದರ ಮೇಲಿನ ಕೋಡ್ ತಾಳೆಯಾಗಬೇಕು. ಯಾವುದನ್ನೇ ಹಾಕಿಸಿದರೂ, ಇಳಿಸಿದ ಹೊತ್ತಿನಲ್ಲೇ ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್, ಕ್ರ್ಯಾಂಕ್ ಶಾಫ್ಟಿನ ಹಿಂಬದಿಯ ಆಯಿಲ್ ಸೀಲ್ ಸವೆದಿದ್ದರೆ ಬದಲಿಸಿಬಿಡಿ, ಇಲ್ಲದಿದ್ದರೆ ಅದೇ ಲೇಬರ್ ಮತ್ತೊಮ್ಮೆ ತೆರಬೇಕಾಗುತ್ತದೆ.

ಮಾರುವುದೇ ಸರಿ ಎನಿಸಿದರೆ ದೋಷವನ್ನು ಬಚ್ಚಿಡದೆ, ಎಸ್ಟಿಮೇಟ್ ಪ್ರತಿಯನ್ನೇ ಮುಂದಿಟ್ಟು ಮಾತಾಡಿ. ಗೇರ್‌ಬಾಕ್ಸ್ ಕೆಲಸ ಬಲ್ಲ ಗ್ಯಾರೇಜಿನವರೇ ಅಂಥ ಕಾರಿಗೆ ಉತ್ತಮ ಬೆಲೆ ಕೊಡುವುದುಂಟು. ಸಾಲ ಬಾಕಿಯಿದ್ದರೆ ಬ್ಯಾಂಕಿನ ನಿರಾಕ್ಷೇಪಣಾ ಪತ್ರವಿಲ್ಲದೆ ಮಾರಾಟ ಮುಂದುವರಿಯದು. ಮಾಲೀಕತ್ವ ವರ್ಗಾವಣೆಯ ನಮೂನೆ 29 ಮತ್ತು 30ಕ್ಕೆ ಸಹಿ ಹಾಕಿ ಕೊಟ್ಟು ಸುಮ್ಮನಾಗದೆ, ಹೆಸರು ಬದಲಾದುದನ್ನು ಸರ್ಕಾರದ ಪರಿವಾಹನ್ ಜಾಲತಾಣದಲ್ಲಿ ನೀವೇ ಖಚಿತಪಡಿಸಿಕೊಳ್ಳಿ, ಏಕೆಂದರೆ ಅಲ್ಲಿಯವರೆಗೆ ಆ ಕಾರಿನಿಂದ ಅಪಘಾತವಾದರೆ ಪರಿಹಾರದ ಹೊಣೆ ನೋಂದಾಯಿತ ಮಾಲೀಕರ ಮೇಲೆಯೇ ಬರುತ್ತದೆ.